ಹೆಬ್ಬೆರಳಿನ ಉಗುರು

ಕತ್ತರಿಸಬೇಕೋ, ಬಿಡಬೇಕೋ? ನೇಲ್ ಕಟರ್ ಹಿಡಿದು ಕೂತ ಕಲ್ಮೇಶನಿಗೆ ತಿಳಿಯಲಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸಿದ್ದ ಅಪ್ಪನ ಬಲಗೈ ಅವನ ಅಂಗೈಯಲ್ಲಿತ್ತು. ಹೆಬ್ಬೆರಳಿನ ಉಗುರು ಮಾತ್ರ ಅರ್ಧ ಇಂಚು ಉದ್ದ.

"ತಗದಬಿಡಪಾ. ಮಣ್ಣಿಗೆ ಹೋಗು ಮನಶ್ಯಾ ಚೊಕ್ಕ ಇರಬೇಕು" ಎಂದಳು ಸತ್ತವನ ಅಕ್ಕ ಗುರವ್ವ.

ಅಪ್ಪ ದುಂಡಪ್ಪ ಮೂವತ್ತು ವರ್ಷ ಹತ್ತಿಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಮಾಡಿದವನು. ಸಂಜೆ ಆ ಉಗುರಿನಿಂದಲೇ ಹೆಣ್ಣು ಸಾಲಿನ ಮೊಗ್ಗು ಸೀಳಿ ಕೇಸರ ಸುಲಿಯುತ್ತಿದ್ದ. ಬೆಳಿಗ್ಗೆ ಗಂಡು ಸಾಲಿನ ಹೂ ತಂದು, ಅದರ ಪರಾಗ ಸವರಿ ದಾರ ಕಟ್ಟುತ್ತಿದ್ದ. ಆಮೇಲೆ ಕಾಯೊಳಗೆ ಏನಾಗುತ್ತದೆಂಬುದನ್ನು ಮಗ ಧಾರವಾಡದ ಪ್ರಯೋಗಾಲಯದಲ್ಲಿ ನೋಡುತ್ತಿದ್ದ.

ಅಂಗಳದಲ್ಲಿ ಬೈಲಹೊಂಗಲದ ಬಸ್ಸು ತಡವಾದ ಮಾತು, ಗುಂಡಿ ತೋಡುವವರ ಚಹಾದ ಮಾತು ನಡೆದಿತ್ತು. ಹುಡುಗನ ಬಣ್ಣ, ನಡಿಗೆ, ಓದು ಎಲ್ಲವೂ ತಾಯಿ ರಾಚವ್ವನದೆಂದು ಗುರವ್ವ ನೆರೆಮನೆಯ ಶಟ್ಟೆವ್ವನಿಗೆ ಹೇಳುತ್ತಿದ್ದಳು. "ನಮ್ಮ ತಮ್ಮಂದು ಏನೂ ಬಂದಿಲ್ಲವಾ ಇವಂಗ."

"ಬಂದೈತಿ ಬಿಡ. ಬಾಯಿ ತಗೀಲಾರದ ಚಟ" ಎಂದಳು ಶಟ್ಟೆವ್ವ.

*

ಎರಡು ವರ್ಷದ ಹಿಂದೆ, ಸವದತ್ತಿ ಕಡೆಯ ಪ್ಲಾಟಿನಲ್ಲಿ, ಅಪ್ಪ ಮೊದಲ ಸಲ ಅವನ ಓದಿನ ಬಗ್ಗೆ ಕೇಳಿದ್ದ. "ನಾವು ಮುಟ್ಟಿಸಿದ ಗಂಡಿನ ಗುಣ ಕಾಯ್ಯಾಗ ಯಾವಾಗ ಕೆಲಸಕ್ಕ ನಿಂದರತೈತೋ?"

ಪುಸ್ತಕದಲ್ಲಿದ್ದುದನ್ನು ಕಲ್ಮೇಶ ಹೇಳಿದ. "ಮೊದಲ ಎರಡ್ಮೂರು ದಿನ ಎಲ್ಲಾ ತಾಯಿನ ನಡಸ್ತಾಳಪಾ. ಅಪ್ಪಂದು ಏನೂ ಇರೂದಿಲ್ಲ."

ದುಂಡಪ್ಪನ ಉಗುರು ಒಂದು ಮೊಗ್ಗಿನ ಮೇಲೆ ನಿಂತಿತು.

"ಖರೇನ ಇರಬೇಕು. ನೀ ಹುಟ್ಟಿದಾಗ ನಾ ರಾಮದುರ್ಗದ ಪ್ಲಾಟಿನ್ಯಾಗ ಇದ್ದೆ. ಮೂರು ತಿಂಗಳ ಮ್ಯಾಲೆ ನಿನ್ನ ಮಾರಿ ನೋಡಿದೆ."

ಮುಂದಿನ ಗಿಡಕ್ಕೆ ಸರಿದ.

*

"ಹೊತ್ತು ಇಳ್ಯಾಕತ್ತೈತಿ, ಲಗೂ ಮಾಡೋ" ಎನ್ನುತ್ತ ಗುರವ್ವ ಹತ್ತಿರ ಬಂದು ತಾನೇ ಕತ್ತರಿಸಲು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. ತಂದೆಯ ಕೈ ಹಿಡಿದಿದ್ದ ಮಗನ ಹೆಬ್ಬೆರಳಿನಲ್ಲೂ ಅರ್ಧ ಇಂಚು ಉಗುರು. ಪ್ರಯೋಗಾಲಯದಲ್ಲಿ ಮೊಗ್ಗು ಸೀಳಲು ಚಿಮಟವಿತ್ತು, ಅದು ಅವನ ಕೈಗೆ ಒಗ್ಗಿರಲಿಲ್ಲ.

ಗುರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ಕಲ್ಮೇಶ ನೇಲ್ ಕಟರನ್ನು ಜೇಬಿಗೆ ಹಾಕಿದ.

ಗುಂಡಿಯಲ್ಲಿ ಕೂಡಿಸಿದ ಅಪ್ಪನ ತೊಡೆಯ ಮೇಲೆ ಆ ಕೈ ಇತ್ತು. ಮೊದಲ ಹಿಡಿ ಮಣ್ಣು ಮಗನದು.

ಹೋದ ದೀಪಾವಳಿಯ ಹೊತ್ತಿಗೆ ಅವನ ಪ್ರಯೋಗದ ಫಲ ಕೈಗೆ ಬಂದಿತ್ತು. ಹತ್ತಿಕಾಯೊಳಗಿನ ಎಳೆಯ ಭ್ರೂಣದಲ್ಲಿ ತಂದೆಯ ಪಾಲೂ ಮೊದಲ ದಿನದಿಂದಲೇ ಕೆಲಸ ಮಾಡುತ್ತಿತ್ತು. ಆಮೇಲೆ ನಾಲ್ಕು ಸಲ ಊರಿಗೆ ಬಂದಿದ್ದ. ಅಪ್ಪನಿಗೆ ಅದನ್ನು ಹೇಳಿರಲಿಲ್ಲ.