ಕೊನಾಡುವಿನ ಮುಂಗಡ ಮುಯ್ಯಿ

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಕುಮಾಸಿ ನಗರದಲ್ಲಿ ಕೊನಾಡುವಿನ ಸಾವಿನ ಮುಯ್ಯಿ ಎತ್ತಲು ಶುರುವಾಯಿತು. ಕೊನಾಡು ಸತ್ತಿರಲಿಲ್ಲ. ಬಿಳಿ ಬಟ್ಟೆಯುಟ್ಟು ಮುಯ್ಯಿ ಮೇಜಿನ ಹಿಂದೆ ತಾನೇ ಕೂತಿದ್ದಳು.

ಎರಡು ತಿಂಗಳ ಹಿಂದೆ, ಮಾರುಕಟ್ಟೆಯ ತನ್ನ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದಾಗಲೇ ಅವಳಿಗೆ ಲಕ್ವ ಹೊಡೆದಿತ್ತು. ಜೀವ ಉಳಿಯಿತು, ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಆಸ್ಪತ್ರೆಯ ಬಿಲ್ಲಿಗೆ ಅಂಗಡಿಯ ಸರಕೆಲ್ಲ ಮಾರಿಹೋಯಿತು. ಇನ್ನು ಆರು ತಿಂಗಳು ವ್ಯಾಯಾಮ ಚಿಕಿತ್ಸೆ ತಪ್ಪದೆ ನಡೆದರೆ ಮತ್ತೆ ಕತ್ತರಿ ಹಿಡಿಯಬಹುದು ಎಂದು ವೈದ್ಯೆ ಹೇಳಿದ್ದರು. ಅದಕ್ಕೆ ದುಡ್ಡಿರಲಿಲ್ಲ.

ಮನೆತನದ ನಿಧಿಯಲ್ಲಿ ಇತ್ತು. ಆದರೆ ಅದು ಸಾವಿನ ಖರ್ಚಿಗೆ ಮೀಸಲು ಎಂದ, ಅದನ್ನು ಕೈಯಲ್ಲಿಟ್ಟುಕೊಂಡಿದ್ದ ಮನೆತನದ ಹಿರಿಯ ಅಪ್ರಾಕು. ಆತ ಕೊನಾಡುವಿನ ಸೋದರಮಾವ. ನೀನು ಸತ್ತಾಗ ಶಾಮಿಯಾನ, ವಾದ್ಯ, ಒಳ್ಳೆಯ ಮರದ ಪೆಟ್ಟಿಗೆ, ಯಾವುದಕ್ಕೂ ಕಡಿಮೆ ಮಾಡುವುದಿಲ್ಲ ಎಂದು ಸಮಾಧಾನವನ್ನೂ ಹೇಳಿದ.

"ಅಷ್ಟು ಚೆಂದ ಮಾಡ್ತೀರಾದ್ರೆ ನಾನೂ ನೋಡ್ಬೇಕಲ್ಲ ಮಾವ," ಎಂದಳು ಕೊನಾಡು, ತೊದಲುತ್ತಲೇ. "ಈಗ್ಲೇ ಮಾಡ್ಬಿಡಿ. ಆಮೇಲೆ ಗೋಣಿಲಿ ಸುತ್ತಿ ಹೂತ್ರೂ ನಾನೇನು ಜಗಳಕ್ಕೆ ಬರಲ್ಲ."

ಅಪ್ರಾಕು ಎದ್ದುಹೋದ. ಮಾರುಕಟ್ಟೆಯ ಹೆಂಗಸರು ಮಾತ್ರ ಅವಳ ಮಾತನ್ನೇ ಹಿಡಿದು ದಿನ ಗೊತ್ತುಮಾಡಿದರು. ಸಾವಿನ ಮನೆಗಳಲ್ಲಿ ಯಾರು ಎಷ್ಟು ಕೊಟ್ಟರೆಂದು ಮೈಕಿನಲ್ಲಿ ಕೂಗುವ ಬೆಂಪಾನನ್ನೂ ಕರೆಸಿದರು.

ಬೆಂಪಾ ಅಭ್ಯಾಸಬಲದಿಂದ, ದಿವಂಗತ ಕೊನಾಡುವಿಗೆ ಮೀನಂಗಡಿಯ ಅಬ್ರಾಫಿಯಿಂದ ಇನ್ನೂರು ಸೆಡಿ ಎಂದು ಕೂಗಿದ.

"ಅವಸರ ಮಾಡ್ಬೇಡ್ವೋ, ತಿಂಡಿನೂ ಆಗಿಲ್ಲ," ಎಂದಳು ದಿವಂಗತೆ. ಆಮೇಲೆ ಬೆಂಪಾ ಎರಡು ಸಲ ಅದೇ ತಪ್ಪು ಮಾಡಿದ. ಎರಡು ಸಲವೂ ಹೆಂಗಸರು ಕುಣಿಯುತ್ತ ಬಂದು ಅವಳ ಹಣೆಗೆ ನೋಟು ಅಂಟಿಸಿದರು.

ಮಧ್ಯಾಹ್ನದ ಹೊತ್ತಿಗೂ ಮುಯ್ಯಿ ಒಂದು ತಿಂಗಳ ಚಿಕಿತ್ಸೆಗಷ್ಟೇ ಸಾಲುತ್ತಿತ್ತು. ಆಗ ಅಪ್ರಾಕು ಬಂದ. ಸಾವಿಗೆಂದು ಹೊದೆಯುವ ಕರೀ ಬಟ್ಟೆಯಲ್ಲಿ ಬಂದವನು ಆತ ಒಬ್ಬನೇ. ತೆಳುವಾದ ಲಕೋಟೆ ಚಾಚಿದ. ಕೊನಾಡು ಎಡಗೈ ಮುಂದೆ ಮಾಡಿದಳು. ಆತ ಲಕೋಟೆ ಹಿಂದಕ್ಕೆಳೆದುಕೊಂಡ.

"ಹಿರಿಯರ ಕೈಯಿಂದ ಎಡಗೈಲಿ ತಗೋತೀಯೇನೇ?"

"ಬಲಗೈ ನಿಮ್ಮ ಜೇಬಲ್ಲೇ ಇದೆ ಮಾವ. ಬಿಡಿಸ್ಕೊಡಿ."

ಮೊದಲು ನಕ್ಕವಳು ಅಬ್ರಾಫಿ. ಆಮೇಲೆ ಶಾಮಿಯಾನವೇ ನಕ್ಕಿತು. ತಡೆದುಕೊಳ್ಳಲು ನೋಡಿ ಸೋತ ಅಪ್ರಾಕು ಕೂಡ ಮೇಜು ಹಿಡಿದುಕೊಂಡು ನಕ್ಕ. ನಂತರ ಬೆಂಪಾನ ಕಿವಿಯಲ್ಲಿ ಏನೋ ಹೇಳಿದ. ಉಳಿದ ಐದು ತಿಂಗಳ ಚಿಕಿತ್ಸೆ ಮನೆತನದ ನಿಧಿಯಿಂದ ಎಂದು ಬೆಂಪಾ ಕೂಗಿದ. ಈ ಸಲ ದಿವಂಗತ ಎನ್ನಲಿಲ್ಲ.

ಸೋಮವಾರ ಕೊನಾಡು ಟ್ಯಾಕ್ಸಿಯಲ್ಲಿ ಚಿಕಿತ್ಸೆಗೆ ಹೋದಳು. ಬಾಡಿಗೆ ಅಪ್ರಾಕು ಕೊಟ್ಟ.