ಬಾಣಂತಿಯ ನೀರು

ಹೆರಿಗೆಯಾಗಿ ಐದು ತಿಂಗಳು ತುಂಬುವವರೆಗೆ ಮಗಳು ಸುಜಾತಾಳನ್ನು ಗಂಡನ ಊರು ಕಮಲಾಪುರಕ್ಕೆ ಕಳಿಸುವುದಿಲ್ಲವೆಂದು ಗುಂಡಮ್ಮ ಕೂಸು ಹುಟ್ಟುವ ಮೊದಲೇ ಬೀಗರಿಗೆ ಹೇಳಿಬಿಟ್ಟಿದ್ದಳು. ತಾನು ಹಡೆದ ಇಪ್ಪತ್ತನೆಯ ದಿನಕ್ಕೇ ಗಂಡನ ಮನೆಗೆ ಹೋಗಿ ಕೂಲಿಗೆ ನಿಂತವಳು. ಅಂದು ಹಿಡಿದ ಸೊಂಟನೋವು ಇಂದಿಗೂ ಬಿಟ್ಟಿರಲಿಲ್ಲ. ಸುಜಾತಾಳಿಗೆ ಹಾಗಾಗಬಾರದು. ದಿನಾ ಎಣ್ಣೆ ಹಚ್ಚಿ, ಹಂಡೆಗಟ್ಟಲೆ ಬಿಸಿನೀರು ಎರೆದು, ಹೊದಿಸಿ ಮಲಗಿಸಬೇಕು.

ಬ್ರಹ್ಮಪುರದ ಅವರ ಬಾಡಿಗೆ ಮನೆಗೆ ಹೊಸ ನೀರಿನ ಮೀಟರು ಬಂದದ್ದು ಸುಜಾತಾ ಹಡೆದ ವಾರವೇ. ಮೊದಲೇ ದುಡ್ಡು ಹಾಕಿಸಿದ್ದರೆ ಯಾವ ಹೊತ್ತಿಗೂ ನೀರು. ದುಡ್ಡು ತೀರಿದರೆ ಕೆಂಪು ದೀಪ ಹತ್ತಿ ನಳ ಬಂದ್. ಜಗತ್ ಸರ್ಕಲ್ ಕಡೆಯ ಗೋದಾಮಿನಲ್ಲಿ ಕಾವಲಿಗಿದ್ದ ಗುಂಡಮ್ಮನ ಗಂಡ ಸೂರ್ಯಕಾಂತ ಪಗಾರದಲ್ಲಿ ಒಂದು ತಿಂಗಳಿಗಾಗುವಷ್ಟು ಹಾಕಿಸಿ ಬಂದಿದ್ದ.

ಆದರೆ ಗುಂಡಮ್ಮನ ಕೈಗೆ ಮೂವತ್ತು ವರ್ಷದ ರೂಢಿಯೊಂದಿತ್ತು. ಆರು ದಿನಕ್ಕೊಮ್ಮೆ ನೀರು ಬರುತ್ತಿದ್ದ ಕಾಲದಲ್ಲಿ, ನಳ ಬಂದ ಕೂಡಲೇ ಹಳೆಯ ನೀರು ಚೆಲ್ಲಿ, ಬ್ಯಾರಲ್ಲು ತಿಕ್ಕಿ, ಹೊಸದು ತುಂಬುವುದೇ ಓಣಿಯ ಪದ್ಧತಿ. ಈಗ ನಳ ದಿನಾ ಬರುತ್ತಿತ್ತು. ನಿನ್ನೆಯ ನೀರನ್ನು ಕೂಸಿಗೆ ಎರೆಯುವುದುಂಟೆ? ಅವಳು ದಿನಾ ಚೆಲ್ಲಿದಳು, ದಿನಾ ತುಂಬಿದಳು.

ದುಡ್ಡು ಹಾಕಿಸಿದ ಹನ್ನೆರಡನೆಯ ದಿನವೂ ಬ್ಯಾರಲ್ಲು ಬರಿದು ಮಾಡಿ, ನಳಕ್ಕೆ ಪೈಪು ಹಚ್ಚಿ, ಮಗಳಿಗೆ ಎರೆಯಲು ಕುಳಿತಳು. ತಲೆಗೆ ಸೀಗೆಪುಡಿ ಹಚ್ಚುವಾಗ ನಳ ಎರಡು ಸಲ ಕೆಮ್ಮಿ ನಿಂತಿತು. ಹಂಡೆಯಲ್ಲಿ ಉಳಿದದ್ದು ಎರಡು ತಂಬಿಗೆ ನೀರು.

"ಯವ್ವಾ, ಕಣ್ಣಾಗ ಉರೀತದ. ನೀರ್ ಹಾಕು."

"ತಡಿ ಮಗಳ, ನಳಕ್ಕ ಏನಾಯ್ತೋ ನೋಡ್ತೀನಿ."

ಗೋಡೆಯ ಮೇಲೆ ಕೆಂಪು ದೀಪ ಹತ್ತಿತ್ತು. ಚೆಲ್ಲಿದ ನೀರು ಇನ್ನೂ ಗಟಾರದಲ್ಲಿ ಹರಿಯುತ್ತಿತ್ತು.

ಪಕ್ಕದ ಮನೆಯ ಶಿವಕಾಂತಮ್ಮ ಏನೂ ಕೇಳದೆ ಎರಡು ಕೊಡ ತಂದು ಇಳಿಸಿದಳು.

"ಅಕ್ಕೋರ, ನಿಮ್ ಮೀಟರಿನ ನೀರು..."

"ಮೀಟರಿಗೇನ್ ಹೊಟ್ಟಿಬ್ಯಾನಿ? ಮೊದಲ ಹುಡುಗಿ ತಲಿ ತೊಳಿ."

ಮರುದಿನವೂ ತಂದಳು. ಮೂರನೆಯ ದಿನ ಅವಳ ಅಂಗಳದಲ್ಲಿ ತೊಳೆಯದ ಪಾತ್ರೆಗಳ ರಾಶಿಯನ್ನು ಗುಂಡಮ್ಮ ಕಂಡಳು. ಹಿಂದೆ ಓಣಿಯಲ್ಲಿ ಒಂದು ಕೊಡ ನೀರು ಕೇಳಿದರೆ ಅದು ಕೇಳಿದಂತೆಯೇ ಆಗುತ್ತಿರಲಿಲ್ಲ; ಈಗ ಕೊಡಕೊಡಕ್ಕೂ ದುಡ್ಡು. ಆ ದಿನದಿಂದ, "ನಮ್ ನಳ ಬಂತ್ರೀ ಅಕ್ಕೋರ" ಎಂದು ಸುಳ್ಳು ಹೇಳಿದಳು.

ಸೂರ್ಯಕಾಂತ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಸೇಠ್ ಮತ್ತ ಮುಂಗಡ ಕೊಡಂಗಿಲ್ಲ ಅಂದ. ಹೆರಿಗಿಗೆ ತಗೊಂಡಿದ್ದೇ ತೀರಿಲ್ಲಲ್ಲ" ಎಂದು, ಗೋದಾಮಿನಿಂದ ಸೈಕಲ್ಲಿಗೆ ಕಟ್ಟಿ ತಂದ ಒಂದು ಕ್ಯಾನ್ ನೀರನ್ನು ಒಳಗೆ ಒಯ್ದಿಟ್ಟ. ದಿನಾ ಒಂದು ಕ್ಯಾನ್ ತಂದರೂ ಅದು ಕುಡಿಯುವುದಕ್ಕೂ ಕೂಸಿನ ಬಟ್ಟೆಗೂ ಸರಿಹೋಗುತ್ತಿತ್ತು. ಪಗಾರಕ್ಕೆ ಇನ್ನೂ ಹದಿನೈದು ದಿನವಿತ್ತು.

ಭಾನುವಾರ ಅಳಿಯ ಅಜಿತ ಕಮಲಾಪುರದ ಕೆಂಪು ಬಾಳೆಹಣ್ಣು ಹಿಡಿದು ಬಂದಾಗ ಗುಂಡಮ್ಮ ಒದ್ದೆ ಬಟ್ಟೆಯಿಂದ ಕೂಸಿನ ಮೈ ಒರೆಸುತ್ತಿದ್ದಳು. ಅವನು ಬರಿದಾದ ಬ್ಯಾರಲ್ಲಿನೊಳಗೆ ಬಗ್ಗಿ ನೋಡಿದ.

"ಅತ್ತಿ, ನಮ್ ಓಣ್ಯಾಗ ಬೋರಿನ ನೀರದ. ಕರ್ಕೊಂಡ್ ಹೋಗ್ಲೇನ್ರಿ?"

"ನಿಮ್ಮವ್ವ ಬಾಳಿ ತ್ವಾಟಕ್ಕ ಕೂಲಿಗಿ ಹೋಗ್ತಾಳ. ನನ್ ಮಗಳಿಗಿ ಎರಿಯೋರು ಯಾರಪ್ಪ?"

ಒಳಗಿನಿಂದ ಸುಜಾತಾಳೇ ಹೇಳಿದಳು, "ನಾನೇ ಎರಕೋತೀನಿ ಯವ್ವಾ. ನೀರಿದ್ರ ಸಾಕು."

ಅವಳಾಗಲೇ ಕೂಸಿನ ಬಟ್ಟೆ ಗಂಟು ಕಟ್ಟುತ್ತಿದ್ದಳು. ಗುಂಡಮ್ಮ ಬೇಡವೆನ್ನಲು ಬಾಯಿ ತೆರೆದಳು. ಬೇಡವೆಂದು ಇಟ್ಟುಕೊಂಡು ಏನು ಎರೆಯುವುದು? ಬಿಚ್ಚಿಹೋಗುತ್ತಿದ್ದ ಗಂಟನ್ನು ತಾನೇ ಬಿಗಿದು ಕೊಟ್ಟಳು. ಬಸ್ಸಿನಲ್ಲಿ ಅಜಿತ ಹೆಂಡತಿಗೆ ಗಾಳಿ ಬಡಿಯದಂತೆ ಕಿಟಕಿಯ ಬದಿಗೆ ತಾನು ಕುಳಿತ. ಅಷ್ಟನ್ನು ನೋಡಿಕೊಂಡು ಗುಂಡಮ್ಮ ಬಸ್ ನಿಲ್ದಾಣದಿಂದ ಮನೆಗೆ ಬಂದಳು.

ನಾಲ್ಕು ದಿನ ತಡೆದು ಫೋನು ಮಾಡಿದಳು.

"ನೀರ್ ಎರಕೊಂಡೀಯೇನು ಮಗಳ?"

"ಹೂಂ ಯವ್ವಾ. ಅತ್ತೀನೇ ಎರದ್ರು. ಹೊದ್ಕೊಂಡ್ ಮಲಗೀನಿ."

ಹೊತ್ತು ಹನ್ನೊಂದು ಗಂಟೆ. ಬೀಗಿತಿ ತೋಟದಲ್ಲಿರುವ ಹೊತ್ತು. ಫೋನಿನೊಳಗೆ ನೀರು ಸುರಿಯುತ್ತಿತ್ತು, ಒಂದು ಬಟ್ಟೆ ಕಲ್ಲಿಗೆ ಬಡಿದ ಸದ್ದು, ಅದರ ಹಿಂದೆ ಮಗಳ ಏದುಸಿರು. ಆಮೇಲೆ ಇನ್ನೊಂದು ಬಡಿತ.

"ಚಲೋ ಆಯ್ತು" ಎಂದಳು ಗುಂಡಮ್ಮ. "ಹಂಗೇ ಮಲಗಿರು, ಏಳಬ್ಯಾಡ."