ಬೆನ್ನಿಗೆ ಹೇಳಿದ ಮಾತು

"ಆ ತುದಿ ಹಿಡ್ಕೊಳ್ರೀ, ಅಲ್ಲಾಡ್ಬೇಡಿ," ಎನ್ನುತ್ತ ಹೆಂಡತಿ ಬಟ್ಟೆ ಅಳೆಯುವ ಟೇಪನ್ನು ಸ್ಪೀಕರಿನ ಮೈಗೆ ಹಿಡಿದಳು. ಅಂಗಡಿಯವರು ನಗು ತಡೆದುಕೊಂಡರು. ಸ್ಪೀಕರು ಕೊಳ್ಳಲು ಬಂದವರು ಕಣ್ಣು ಮುಚ್ಚಿ ಕೇಳುವುದನ್ನು ಅವರು ನೋಡಿದ್ದರು, ಬೆರಳಲ್ಲಿ ತಟ್ಟಿ ನೋಡುವುದನ್ನೂ ನೋಡಿದ್ದರು. ಅಂಗಿ ಹೊಲಿಯುವವರ ಹಾಗೆ ಸುತ್ತಳತೆ ತೆಗೆದವಳು ಇವಳೇ ಮೊದಲು.

"ಅಗಲ ಆರೂವರೆ ಇಂಚು. ಕಂಪ್ಯೂಟರಿನ ಆಚೆ ಈಚೆ ಏಳೇಳು ಇಂಚು ಜಾಗ ಇದೆ. ಕೂರತ್ತೆ."

"ಹಿಂದೆ ಒಂದು ಗೇಣು ಬಿಡ್ಬೇಕು ಅಕ್ಕ," ಎಂದು ಅಂಗಡಿಯವರು ಪೆಟ್ಟಿಗೆಯ ಬೆನ್ನಲ್ಲಿದ್ದ ದುಂಡನೆಯ ತೂತನ್ನು ತೋರಿಸಿದರು. "ಗೋಡೆಗೆ ಒತ್ತಿಸಿಟ್ರೆ ಮಾತು ಗುಂಯ್ ಅನ್ನತ್ತೆ."

"ಅಷ್ಟೇ ತಾನೇ? ಮೇಜನ್ನೇ ಮುಂದಕ್ಕೆ ಎಳ್ಕೊಂಡ್ರಾಯ್ತು."

ಗಂಡ ಟೇಪಿನ ತುದಿ ಹಿಡಿದುಕೊಂಡು, ಇದಕ್ಕೇನು ಕೊಂಕು ತೆಗೆಯುವುದೆಂದು ಯೋಚಿಸುತ್ತಿದ್ದ. ಮೊದಲನೆಯ ಜೋಡಿಗೆ ಬೇರೆ ಆಂಪ್ಲಿಫೈಯರ್ ಬೇಕಾಗಿದ್ದರಿಂದ ಅದು ತಾನಾಗಿಯೇ ತಪ್ಪಿತ್ತು. ಎರಡನೆಯದು ಸುಮ್ಮನಿದ್ದಾಗಲೂ ಬುಸ್ ಅನ್ನುತ್ತದೆ ಎಂದು ಅವನೇ ತಪ್ಪಿಸಿದ್ದ. ಅಂಗಡಿಯವರು ಕಿವಿ ಒತ್ತಿಟ್ಟು ಕೇಳಿದರೂ ಆ ಬುಸ್ ಅವರಿಗೆ ಸಿಕ್ಕಿರಲಿಲ್ಲ. ಈ ಮೂರನೆಯ ಜೋಡಿಯೋ, ಆಂಪ್ಲಿಫೈಯರನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿತ್ತು. ಕಂಪ್ಯೂಟರಿಗೆ ಒಂದು ವೈರು ಸಿಕ್ಕಿಸಿದರೆ ಮುಗಿಯಿತು. ಬೆಲೆಯೂ ಅವರ ಕೈಗೆಟುಕುವಂತಿತ್ತು. ಹಾಳಾದ್ದು, ನೋಡಲಿಕ್ಕೂ ಚೆನ್ನಾಗಿತ್ತು.

ಅವನು ಮನೆಯಲ್ಲೇ ಕೂತು ಟೈಪ್ ಮಾಡುವವನು. ಸಂಘಗಳ ಸಭೆ, ಕಚೇರಿಗಳ ವಿಚಾರಣೆ, ಇಂಥವುಗಳ ರೆಕಾರ್ಡಿಂಗ್ ಬರುತ್ತಿದ್ದವು. ಕೇಳಿಸಿಕೊಂಡು ಅಕ್ಷರಕ್ಕಿಳಿಸಬೇಕು. ಹನ್ನೊಂದು ವರ್ಷ ಹೆಡ್‌ಫೋನು ಹಾಕಿದ ಕಿವಿಗಳು ಈಗ ಒಳಗೆಲ್ಲ ಹುಣ್ಣಾಗಿ, ಆರು ತಿಂಗಳು ಅದನ್ನು ಮುಟ್ಟಲೇಕೂಡದು ಎಂದು ಹೋದ ವಾರ ಡಾಕ್ಟರು ಹೇಳಿದ್ದರು. ಹೆಂಡತಿಗೆ ಎಲ್ಲಿಲ್ಲದ ಖುಷಿ.

"ಇನ್ಮೇಲಾದ್ರೂ ನಾನು ಮಾತಾಡಿದ್ದು ನಿಮ್ಮ ಕಿವಿಗೆ ಬೀಳತ್ತೆ," ಎಂದು ನಕ್ಕಿದ್ದಳು. ಅವನೂ ನಕ್ಕಿದ್ದ. ಒಳಗೊಳಗೆ ಮಾತ್ರ ಹೆದರಿದ್ದ.

ಯಾಕೆಂದರೆ ಅದು ಯಾವಾಗಲೂ ಅವನ ಕಿವಿಗೆ ಬೀಳುತ್ತಲೇ ಇತ್ತು. ಅರ್ಧಕ್ಕರ್ಧ ಹೊತ್ತು ಆ ಹೆಡ್‌ಫೋನಿನಲ್ಲಿ ಏನೂ ಬರುತ್ತಿರಲಿಲ್ಲ. ಮೊದಲ ಸಲ ಅದು ಬರೀ ಸೋಮಾರಿತನ. ರೆಕಾರ್ಡಿಂಗ್ ಮುಗಿದಿತ್ತು, ಅವಳು ಹಿಂದೆ ಹೊಲಿಗೆ ಮಷಿನ್ನಿನ ಮುಂದೆ ಕೂತು ತನ್ನಕ್ಕನನ್ನು ಬೈಯುತ್ತಿದ್ದಳು, ತಿರುಗಿದರೆ ಹೂಂಗುಟ್ಟಬೇಕಾಗುತ್ತದೆ ಎಂದು ಸುಮ್ಮನೆ ಕೀಬೋರ್ಡಿನ ಕೀಲಿಗಳ ಮೇಲೆ ಬೆರಳಾಡಿಸಿದ. ಏನೂ ಆಗಲಿಲ್ಲ. ಮಾರನೆಯ ದಿನವೂ ಹಾಗೇ ಮಾಡಿದ. ಆಮೇಲೆ ಅದೇ ರೂಢಿಯಾಯಿತು. ಬೇಕಿದ್ದರೆ ಅವಳು ಎದ್ದು ಬಂದು ಭುಜ ತಟ್ಟುತ್ತಿದ್ದಳು. ಉಳಿದದ್ದನ್ನೆಲ್ಲ, ಊರವರ ಪ್ಯಾಂಟು ಲಂಗಗಳ ಅಂಚು ಮಡಚುತ್ತ, ಅವನ ಬೆನ್ನಿಗೆ ಹೇಳುತ್ತಿದ್ದಳು. ಮೊದಮೊದಲು ಗೊಣಗಾಟ, ಅವನ ಗೊರಕೆಯ ಅಣಕ. ಬರಬರುತ್ತ, ಯಾರಿಗೂ ಹೇಳಲಾಗದ ಮಾತುಗಳು.

ಎಂಟು ತಿಂಗಳ ಹಿಂದೆ ಒಂದು ದಿನ ಮಷಿನ್ನು ನಿಂತಿತ್ತು. "ಬಲಗೈ ಬೆರಳು ಮರಗಟ್ತಾ ಇದೆ ರೀ," ಎಂದಿದ್ದಳು ಮೆಲ್ಲಗೆ. "ಸೂಜಿ ಹಿಡಿದಿದೀನೋ ಇಲ್ವೋ ಅಂತ್ಲೇ ಗೊತ್ತಾಗಲ್ಲ. ಈ ಕೈ ಹೋದ್ರೆ ನಾನೇನು ಮಾಡ್ಲಿ?"

ತಿರುಗಬೇಕಿತ್ತು. ತಿರುಗಿದರೆ ಇಷ್ಟು ದಿನದ ನಾಟಕ ಬಯಲಾಗುತ್ತಿತ್ತು. ಅವನು ತಲೆಬುಡವಿಲ್ಲದ ಒಂದು ಸಾಲನ್ನು ಟಕಟಕ ಟೈಪ್ ಮಾಡಿದ, ಅವಳು ಎದ್ದು ಹೋದ ಮೇಲೆ ಅಳಿಸಿದ. ಆವತ್ತಿನಿಂದ, ಅವಳೇ ಎದುರು ನಿಂತು ಹೇಳಲಿ, ಕೂಡಲೇ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ ಎಂದು ಕಾಯುತ್ತಿದ್ದ. ಅವಳು ಹೇಳಲಿಲ್ಲ. ಊಟಕ್ಕೆ ಕೂತಾಗ ಆ ಕೈ ಕಣ್ಣಿಗೆ ಬಿದ್ದರೆ ಅವನು ತಟ್ಟೆಯತ್ತ ನೋಟ ತಿರುಗಿಸುತ್ತಿದ್ದ. ತಾನು ಇಷ್ಟು ಸಣ್ಣ ಮನುಷ್ಯನೇ ಎಂದು ನಾಚಿಕೆಯಾಗುತ್ತಿತ್ತು. ಆದರೂ ಬಾಯಿ ಬಿಟ್ಟಿರಲಿಲ್ಲ.

ಅಂಗಡಿಯವರು ಯಾರದೋ ಭಾಷಣ ಹಾಕಿ ದನಿಯನ್ನು ತಗ್ಗಿಸಿದರು. ಹೆಂಡತಿ ಕಣ್ಣು ಮುಚ್ಚಿ ಕೇಳಿದಳು. "ಇವರ ಕೆಲಸಕ್ಕೆ ಹಾಡು ಬೇಡ, ಮಾತು ಬೇಕು. ಮೆಲ್ಲಗಿಟ್ರೂ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳತ್ತಲ್ರೀ?"

"ಯಾಕೋ ದನಿ ಒಡಕು ಅನ್ಸತ್ತೆ."

"ನಿಮ್ಮ ಕಿವೀಲಿ ಹತ್ತಿ ಇದೆ, ಅದಕ್ಕೆ," ಎಂದು ಅವನತ್ತ ತಿರುಗಿದಳು. "ನಿಮಗೆ ಬೇಡ್ವಾ? ಬಾಯಿಬಿಟ್ಟು ಹೇಳಿ."

"ಬೇಕು."

"ಮತ್ತೆ ಬೆಳಗಿಂದ ಏನು ನಿಮ್ಮ ರಾಗ? ಇದೇ ಕೊಡಿ ಅಣ್ಣ," ಎಂದವಳೇ ಮೇಲಿನ ಹಲಗೆಯಲ್ಲಿದ್ದ ಹೊಸ ಪೆಟ್ಟಿಗೆಗೆ ಬಲಗೈ ಚಾಚಿದಳು.

"ಬಿಡೇ, ನಾನು ಎತ್ಕೋತೀನಿ. ಮೊದ್ಲೇ ಬೆರಳು ಮರಗಟ್ಟತ್ತೆ ನಿಂಗೆ."

ಎಂಟು ತಿಂಗಳಿಂದ ನಾಲಿಗೆಯ ತುದಿಯಲ್ಲಿದ್ದ ಕಾಳಜಿ ಹೀಗೆ ಜಾರಿಬಿತ್ತು. ಅವಳ ಕೈ ಪೆಟ್ಟಿಗೆಯ ಮೇಲೆಯೇ ನಿಂತಿತು.

"ಯಾರು ಹೇಳಿದ್ರು ನಿಮಗೆ?"

"ನೀನೇ..."

"ನಾನು ಯಾರಿಗೂ ಹೇಳಿಲ್ಲ." ಪೆಟ್ಟಿಗೆಯಿಂದ ಕೈ ತೆಗೆದು ಅವಳೇ ಹೇಳಿದಳು, "ನಿಮ್ಮ ಬೆನ್ನಿಗೆ ಹೇಳಿದ್ದೆ."

ಅಂಗಡಿಯವರು ಬಿಲ್ ಪುಸ್ತಕ ಹುಡುಕುವ ನೆಪದಲ್ಲಿ ಒಳಗೆ ಹೋದರು. ಅವಳು ಅವನ ಕಿವಿಗಳನ್ನೇ ನೋಡಿದಳು.

"ಎಲ್ಲಾನೂ ಕೇಳಿಸ್ಕೊಂಡ್ರಾ?"

"ಹೂಂ."

"ಎಷ್ಟು ದಿನದಿಂದ?"

ಅವನು ಪೆಟ್ಟಿಗೆಗಳೆರಡನ್ನೂ ಹಲಗೆಯಿಂದ ಇಳಿಸಿಕೊಂಡ. ಬೈದಿದ್ದರೆ, ಅಂಗಡಿಯವರ ಮುಂದೆಯೇ ಮಾನ ಹರಾಜು ಹಾಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಟೇಪನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಬಸ್ಸಿನಲ್ಲಿ ಎರಡೂ ಪೆಟ್ಟಿಗೆಗಳು ಅವನ ತೊಡೆಯ ಮೇಲಿದ್ದವು. "ತಪ್ಪಾಯ್ತು ಕಣೇ," ಎಂದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. "ನಾಳೇನೇ ಹೋಗಿ ಕೈ ತೋರಿಸೋಣ."

"ನೋಡೋಣ."

ಮನೆಗೆ ಬಂದವಳೇ ಮೇಜನ್ನು ಒಂದು ಗೇಣು ಮುಂದಕ್ಕೆಳೆದು ಪೆಟ್ಟಿಗೆಗಳನ್ನು ಆಚೆಗೊಂದು ಈಚೆಗೊಂದು ಇಟ್ಟಳು. ಅಳತೆ ಸರಿಯಾಗಿತ್ತು. ಅವನು ವೈರು ಸಿಕ್ಕಿಸಿ ಕೆಲಸದ ರೆಕಾರ್ಡಿಂಗ್ ಹಚ್ಚಿದ. ಯಾವುದೋ ಗೃಹನಿರ್ಮಾಣ ಸಂಘದವರು ನೀರಿನ ತೊಟ್ಟಿಯ ಮುಚ್ಚಳ ಒಡೆದವರಾರೆಂದು ಜಗಳವಾಡುತ್ತಿದ್ದರು. ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಹಿಂದೆ ಮಷಿನ್ನು ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಅವಳದು ಒಂದು ಮಾತೂ ಇಲ್ಲ. ಒಂದು ಗಂಟೆ ಹಾಗೇ ಕಳೆಯಿತು. ಈ ಕೋಣೆ ಇಷ್ಟು ಹೊತ್ತು ಅವಳ ದನಿಯಿಲ್ಲದೆ ಇದ್ದದ್ದೇ ಇಲ್ಲ.

ಆಮೇಲೆ ಅವಳು ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಂದೂ ಹಾಕದ ಬಾಗಿಲು, ನೆಲಕ್ಕೆ ಉಜ್ಜಿಕೊಂಡು ಕಷ್ಟಪಟ್ಟು ಹಾಕಿಕೊಂಡಿತು. ಸ್ವಲ್ಪ ಹೊತ್ತಿಗೆ ಅದರಾಚೆಯಿಂದ ಅವಳ ದನಿ ಬಂತು. ಏನನ್ನೋ ಹೇಳುತ್ತಿದ್ದಳು, ನಿಧಾನವಾಗಿ, ಒಂದೇ ಸಮನೆ. ಏನೆಂದು ತಿಳಿಯಲಿಲ್ಲ. ಅವನು ರೆಕಾರ್ಡಿಂಗ್ ನಿಲ್ಲಿಸಿ ಕಿವಿಗೊಟ್ಟ.

ಬಾಗಿಲಾಚೆಯ ದನಿಯೂ ನಿಂತಿತು.

ಅವನು ಉಸಿರು ಹಿಡಿದು ಕಾದ. ಏನೂ ಇಲ್ಲ. ಮತ್ತೆ ರೆಕಾರ್ಡಿಂಗ್ ಹಚ್ಚಿದ. ಸಂಘದವರು ಬಿಟ್ಟಲ್ಲಿಂದಲೇ ಜಗಳ ಶುರು ಮಾಡಿದರು. ತುಸು ಹೊತ್ತಿನ ಮೇಲೆ, ಅವರ ಗದ್ದಲದ ಅಡಿಯಲ್ಲಿ, ಅವಳ ದನಿ ಮೆಲ್ಲಗೆ ಎದ್ದಿತು.

ಅವನು ಸ್ಪೀಕರಿನ ಗುಂಡಿಯನ್ನು, ಅವಳ ಮಾತು ಮುಳುಗುವಷ್ಟು, ತಿರುಗಿಸಿ ದನಿ ಏರಿಸಿದ. ಎರಡೂ ಕೈಗಳನ್ನು ಕೀಲಿಗಳಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು, ಬಾಗಿಲಿಗೆ ಬೆನ್ನು ಹಾಕಿ ಕೂತ.